ಪಿತ್ತಕೋಶದಲ್ಲಿ ಕಲ್ಲು, ಎದುರಿಗೆ ಚೌತಿ: ಏನು ತಿನ್ನಲಿ, ಏನು ಬಿಡಲಿ?

ಘಟ್ಟದ ಮೇಲಿನ ಸೊಸೆ | ಆಗಸ್ಟ್ 3

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯವಳು ನಾನು. ವಯಸ್ಸು 31, ಮಗುವಿಗೆ ಐದು ತಿಂಗಳು.

ಹದಿನೈದು ದಿನದ ಹಿಂದೆ ನೆಂಟರ ಮನೆಯಲ್ಲಿ ನಾಮಕರಣದ ಊಟ ಇತ್ತು. ಹೋಳಿಗೆ, ಅದರ ಮೇಲೆ ತುಪ್ಪ, ಅದರ ಮೇಲೆ ಕಾಯಿಹಾಲು. ಬಾಣಂತಿ ಎಂದು ಎರಡೆರಡು ಸಲ ಬಡಿಸಿದರು, ನಾನೂ ಕೈ ಅಡ್ಡ ಹಿಡಿಯಲಿಲ್ಲ. ರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಬಲಗಡೆ ಪಕ್ಕೆಲುಬಿನ ಕೆಳಗೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿತ್ತು. ಅಲ್ಲಿಂದ ಬೆನ್ನಿಗೆ, ಬಲ ಹೆಗಲಿಗೆ. ಕೂತರೂ ಇಲ್ಲ, ಮಲಗಿದರೂ ಇಲ್ಲ. ಗ್ಯಾಸ್ ಇರಬೇಕು ಎಂದು ಅತ್ತೆ ಓಮದ ಕಷಾಯ ಮಾಡಿಕೊಟ್ಟರು. ಆಮೇಲೆ 'ಪಿತ್ತ ಇರಬೇಕು' ಎಂದು ಮುರುಗಲು (ಕೋಕಂ) ಪಾನಕ. ನಾಲ್ಕು ಗಂಟೆಗೆ ನೋವು ತಾನಾಗಿ ಇಳಿಯಿತು. ಹೆಸರು ಮುರುಗಲಿಗೆ ಬಂತು.

ಒಂದು ವಾರ ಬಿಟ್ಟು ಮತ್ತೆ ಅದೇ ನೋವು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಮೂರು ಕಲ್ಲು, ದೊಡ್ಡದು 9 ಮಿಲಿಮೀಟರ್. ಆಪರೇಷನ್ ಸೆಪ್ಟೆಂಬರ್ ಮಧ್ಯಕ್ಕೆ ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ 'ಎಣ್ಣೆ-ತುಪ್ಪ ಕಡಿಮೆ ಮಾಡಿ' ಎಂದರು, ಅಷ್ಟೇ. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು, ಜಾಸ್ತಿ ಕೇಳಲು ನನಗೂ ಬಾಯಿ ಬರಲಿಲ್ಲ.

ಕಡಿಮೆ ಅಂದರೆ ಎಷ್ಟು? ನಮ್ಮ ಮನೆಯಲ್ಲಿ ಬಾಣಂತಿಗೆ ತುಪ್ಪ ಕಡಿಮೆ ಮಾಡುವುದು ಅಂದರೆ ಅನ್ಯಾಯ ಮಾಡಿದ ಹಾಗೆ. ಅತ್ತೆಯ ಮಾತು: "ತುಪ್ಪ ಬಿಟ್ರೆ ಹಾಲು ಎಲ್ಲಿಂದ ಬರ್ತು?" ಹೆದರಿಕೊಂಡು ಮೂರು ದಿನದಿಂದ ಬರೀ ಗಂಜಿ ಉಣ್ಣುತ್ತಿದ್ದೇನೆ. ಎದ್ದು ನಿಂತರೆ ತಲೆ ತಿರುಗುತ್ತದೆ. ಈ ತಿಂಗಳ ಕೊನೆಗೆ ಚೌತಿ ಬೇರೆ, ಊರವರೆಲ್ಲ ಸೇರಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ನಮ್ಮ ಮನೆಯಲ್ಲೇ. ಅನುಭವ ಇದ್ದವರು ದಯವಿಟ್ಟು ಹೇಳಿ.

ಅಂಕೋಲೆ ಅಕ್ಕ | ಆಗಸ್ಟ್ 3

ತಂಗೀ, ಮೊದಲು ಆ ಬರೀ ಗಂಜಿ ನಿಲ್ಲಿಸು. ನಾನೂ ಅದೇ ತಪ್ಪು ಮಾಡಿದವಳು. ನಾಲ್ಕು ವರ್ಷದ ಹಿಂದೆ ಹದಿನೈದು ದಿನ ಗಂಜಿ, ಉಪ್ಪಿನಕಾಯಿ ರಸ, ಮತ್ತೇನೂ ಇಲ್ಲ. ನೋವು ಬರಲಿಲ್ಲ ನಿಜ. ಹದಿನಾರನೇ ದಿನ ಮದುವೆಮನೆಯಲ್ಲಿ ಒಂದು ಬಟಾಟೆ ವಡಾ, ಎರಡು ಚಮಚ ಶಿರಾ ತಿಂದೆ. ಆ ರಾತ್ರಿಯ ನೋವಿನ ಎದುರು ನನ್ನ ಎರಡು ಹೆರಿಗೆಯೂ ಏನಲ್ಲ.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಖಾಲಿಯಾಗುವುದೇ ಇಲ್ಲ. ರಸ ಅಲ್ಲೇ ನಿಂತು ಮಡ್ಡಿ ಕಟ್ಟುತ್ತದೆ. ಹೊಸ ಕಲ್ಲಿಗೆ ಅದೇ ಜಾಗ. ಹಾಗಾಗಿ ಪೂರ್ತಿ ಬಿಡುವುದಲ್ಲ, ಸ್ವಲ್ಪ ಸ್ವಲ್ಪ ಹಂಚಿ ತಿನ್ನುವುದು.

ಅಡಿಕೆ ಮಾಣಿ | ಆಗಸ್ಟ್ 3

ಅಕ್ಕಾ, ಆಪರೇಷನ್ ಗಡಿಬಿಡಿ ಬೇಡ. ಬಾಳೆದಿಂಡಿನ ರಸ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ, ರಾತ್ರಿ ಹುರುಳಿ ಕಟ್ಟು. ನಮ್ಮ ಭಾವನಿಗೆ ಇಪ್ಪತ್ತು ದಿನದಲ್ಲಿ ಕಲ್ಲು ಬಿದ್ದು ಹೋಗಿದೆ. ಟೊಮೇಟೊ, ಪಾಲಕ್ ಮುಟ್ಟಬೇಡಿ.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 4

ಮಾಣಿ, ಬೈಯುತ್ತಿಲ್ಲ. ಒಂದೇ ಪ್ರಶ್ನೆ. ನಿನ್ನ ಭಾವನಿಗೆ ಕಲ್ಲು ಇದ್ದದ್ದು ಎಲ್ಲಿ? ಉಚ್ಚೆ ಹೊಯ್ಯುವಾಗ ಬಿದ್ದಿದ್ದರೆ ಅದು ಕಿಡ್ನಿ ಕಲ್ಲು.

ಮೂವತ್ತು ವರ್ಷ ವಾರ್ಡಿನಲ್ಲಿ ನಾನು ನೋಡಿದ ಗೊಂದಲ ಇದು. ನಮ್ಮ ಮಾತಿನಲ್ಲಿ ಎರಡಕ್ಕೂ 'ಕಲ್ಲು' ಎನ್ನುತ್ತೇವೆ, ಔಷಧವೂ ಒಂದೇ ಎಂದುಕೊಳ್ಳುತ್ತೇವೆ. ಕಿಡ್ನಿ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನದು. ಮೂತ್ರದ ದಾರಿಯಲ್ಲಿರುತ್ತದೆ. ನೀರು ಜಾಸ್ತಿ ಕುಡಿದರೆ ಸಣ್ಣದು ಕೊಚ್ಚಿಕೊಂಡು ಹೋಗುತ್ತದೆ. ಪಾಲಕ್ ಕಡಿಮೆ ಮಾಡಿ ಎನ್ನುವುದೂ ಅದಕ್ಕೇ. ಪಿತ್ತಕೋಶದ ಕಲ್ಲು ಹೆಚ್ಚಾಗಿ ಕೊಲೆಸ್ಟ್ರಾಲಿನದು. ಯಕೃತ್ತಿನ ಕೆಳಗಿನ ಚೀಲದಲ್ಲಿ ಕೂತಿರುತ್ತದೆ. ನೀನು ಎಷ್ಟು ದಿಂಡಿನ ರಸ ಕುಡಿದರೂ ಅದು ಆ ಚೀಲದೊಳಗೆ ಹೋಗುವುದಿಲ್ಲ. ದಿಂಡನ್ನು ಪಲ್ಯ ಮಾಡಿ ತಿನ್ನಿ, ನಾರಿನಂಶ ಒಳ್ಳೆಯದು. ಕಲ್ಲು ಕರಗಿಸುವ ಕೆಲಸ ಅದಕ್ಕೆ ಹಚ್ಚಬೇಡಿ. ಟೊಮೇಟೊ, ಸೊಪ್ಪು ಎಲ್ಲ ಆ ಹುಡುಗಿ ಆರಾಮಾಗಿ ತಿನ್ನಲಿ.

ಎರಡನೇ ಗೊಂದಲ 'ಪಿತ್ತ' ಎನ್ನುವ ಶಬ್ದದ್ದು. ಬಾಯಿ ಕಹಿ, ತಲೆಸುತ್ತು, ವಾಂತಿ ಬಂದ ಹಾಗೆ ಆದರೆ ನಾವು 'ಪಿತ್ತ ಆಯಿತು' ಎನ್ನುತ್ತೇವೆ. ಮುರುಗಲು ಕುಡಿಯುತ್ತೇವೆ, ಹಾಯೆನಿಸುತ್ತದೆ. ಪಿತ್ತರಸ ಬೇರೆ. ಯಕೃತ್ತು ಅದನ್ನು ದಿನಕ್ಕೆ ಅರ್ಧದಿಂದ ಒಂದು ಲೀಟರ್ ತಯಾರಿಸುತ್ತದೆ. ಪಿತ್ತಕೋಶ ಅದರಲ್ಲಿ ಒಂದಿಷ್ಟನ್ನು ಜೋನಿಬೆಲ್ಲ ಕಾಯಿಸಿದ ಹಾಗೆ ನೀರು ಹೀರಿ ದಪ್ಪ ಮಾಡಿ ಇಟ್ಟುಕೊಳ್ಳುತ್ತದೆ. ಹಿಡಿಯುವುದು 30ರಿಂದ 50 ಮಿಲಿ, ಹೋಟೆಲಿನ ಅರ್ಧ ಚಾದಷ್ಟೂ ಇಲ್ಲ. ನಾವು ತಿಂದ ಕೊಬ್ಬು ಸಣ್ಣ ಕರುಳಿಗೆ ಬಂದ ಕೂಡಲೇ ಕೊಲೆಸಿಸ್ಟೊಕೈನಿನ್ ಎನ್ನುವ ಹಾರ್ಮೋನ್ ಹೊರಡುತ್ತದೆ. ಅದು ಚೀಲವನ್ನು ಹಿಂಡುತ್ತದೆ. ಹಿಂಡುವಾಗ ಕಲ್ಲು ಬಂದು ಬಾಯಿಗೆ ಸಿಕ್ಕಿಕೊಂಡರೆ ನೋವು. ಕಲ್ಲು ಹಿಂದಕ್ಕೆ ಜಾರಿದರೆ ನೋವು ಹೋಯಿತು. ಅರ್ಧ ಗಂಟೆಯಿಂದ ಹಿಡಿದು ನಾಲ್ಕೈದು ಗಂಟೆ ಇರಬಹುದು. ನಿನ್ನ ಅತ್ತೆ ಆ ರಾತ್ರಿ ಬರೀ ಬಿಸಿನೀರು ಕೊಟ್ಟಿದ್ದರೂ ನಾಲ್ಕು ಗಂಟೆಗೇ ಇಳಿಯುತ್ತಿತ್ತು.

ಒಂದೇ ಸಲಕ್ಕೆ ಎಷ್ಟು ಕೊಬ್ಬು ಹೊಟ್ಟೆಗೆ ಹೋಯಿತು ಎನ್ನುವುದೇ ಲೆಕ್ಕ. ಯಾವ ಊಟವೂ ಇದ್ದ ಕಲ್ಲನ್ನು ಕರಗಿಸುವುದಿಲ್ಲ. ಆಪರೇಷನ್ ತನಕ ನೋವು ಬಾರದ ಹಾಗೆ ನೋಡಿಕೊಳ್ಳುವುದು ಮಾತ್ರ ಊಟದ ಕೆಲಸ.

ಹುಬ್ಬಳ್ಳಿ ಬಸ್ಸು | ಆಗಸ್ಟ್ 4

ಕರಗಿಸುವ ಮಾತ್ರೆ ಇದೆಯಲ್ಲ ಸಿಸ್ಟರ್? ನನ್ನ ಸೋದರತ್ತೆಗೆ ಕೊಟ್ಟಿದ್ದರು.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 4

ಇದೆ. ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್. ಕೊಲೆಸ್ಟ್ರಾಲಿನ ಸಣ್ಣ ಕಲ್ಲು, ಪಿತ್ತಕೋಶ ಇನ್ನೂ ಕೆಲಸ ಮಾಡುತ್ತಿದೆ, ಅಂಥವರಿಗೆ ಮಾತ್ರ. ತಿಂಗಳುಗಟ್ಟಲೆ ನುಂಗಬೇಕು. ನಿಲ್ಲಿಸಿದ ಮೇಲೆ ಕಲ್ಲು ಮತ್ತೆ ಹುಟ್ಟುವುದೂ ಉಂಟು. ಯಾರಿಗೆ ಹೊಂದುತ್ತದೆ ಎಂದು ಡಾಕ್ಟರೇ ಹೇಳಬೇಕು.

ಘಟ್ಟದ ಮೇಲಿನ ಸೊಸೆ | ಆಗಸ್ಟ್ 4

ಸಿಸ್ಟರ್, ನಿಮ್ಮ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಮುರುಗಲಿನ ಜಾಗಕ್ಕೆ ಬಂದಾಗ ಎದ್ದು ಕೊಟ್ಟಿಗೆಗೆ ಹೋದರು.

ಈಗ ಲೆಕ್ಕ ಹೇಳಿ ಯಾರಾದರೂ. ಒಂದೇ ಸಲಕ್ಕೆ ಜಾಸ್ತಿ ಅಂದರೆ ಎಷ್ಟು?

ಅಡುಗೆಮನೆ ತಕ್ಕಡಿ | ಆಗಸ್ಟ್ 5

ಹೊನ್ನಾವರದಿಂದ. ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ನನ್ನ ಗಂಡನಿಗೆ ಕಲ್ಲು. ಹಾಗಾಗಿ ಈ ಲೆಕ್ಕ ನಮ್ಮ ಮನೆಯಲ್ಲಿ ಆಗಿ ಹೋಗಿದೆ. ಅವರಿಗೆ ಆಹಾರತಜ್ಞೆ ಹೇಳಿದ್ದು: ದಿನಕ್ಕೆ ಒಟ್ಟು ಕೊಬ್ಬು 40ರಿಂದ 50 ಗ್ರಾಂ, ಒಂದು ಹೊತ್ತಿಗೆ 15ರ ಸುತ್ತಮುತ್ತ. ನಿಮಗೆ ಮಗು ಇರುವುದರಿಂದ ನಿಮ್ಮ ಅಂಕಿ ನೀವೇ ಕೇಳಿಕೊಳ್ಳಿ.

ಎಣ್ಣೆ-ತುಪ್ಪ ಸುಲಭ. ಚಾ ಚಮಚ ಒಂದಕ್ಕೆ 5 ಗ್ರಾಂ ಎಂದು ಹಿಡಿಯಿರಿ. ನಾವು ಸಿಕ್ಕಿಬಿದ್ದದ್ದು ತೆಂಗಿನಕಾಯಿಯಲ್ಲಿ. ನಮ್ಮ ಕಡೆ ಕಾಯಿಯನ್ನು ಯಾರೂ ಕೊಬ್ಬು ಎಂದು ಎಣಿಸುವುದೇ ಇಲ್ಲ, ಅದು ತರಕಾರಿ ಇದ್ದ ಹಾಗೆ! ಒಂದು ಕಡಿ ಕಾಯಿ ತುರಿದು ತಕ್ಕಡಿಯಲ್ಲಿ ಇಟ್ಟೆ. 130 ಗ್ರಾಂ ಬಂತು. ನೂರು ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು. ಅಂದರೆ ಒಂದು ಕಡಿಯಲ್ಲಿ 43.

ನಾವು ಮನೆಯಲ್ಲಿ ಐದು ಜನ. ವಾರದ ದಿನ ಮೊಗೆಕಾಯಿ ಹುಳಿಗೆ ಒಂದು ಕಡಿ ಬೀಸಿ ಹಾಕಿದರೆ ತಲೆಗೆ ಎಂಟೂವರೆ ಗ್ರಾಂ. ಒಗ್ಗರಣೆ ಸೇರಿಸಿದರೂ ಹತ್ತು-ಹನ್ನೊಂದು. ತೊಂದರೆ ಇಲ್ಲ. ಭಾನುವಾರ ಮೀನಿನ ಸಾರು ದಪ್ಪ ಬೇಕು ಎಂದು ಇಡೀ ಕಾಯಿ, ಅಂದರೆ ಎರಡು ಕಡಿ. ಉಣ್ಣುವವರು ನಾಲ್ವರು, ಸಣ್ಣವಳಿಗೆ ಮೀನು ಬೇಡ. ತಲೆಗೆ 21 ದಾಟಿತು. ಪಕ್ಕದಲ್ಲಿ ರವಾ ಹಚ್ಚಿ ಹುರಿದ ಎರಡು ತುಂಡು. ನಮ್ಮವರಿಗೆ ನೋವು ಬರುತ್ತಿದ್ದದ್ದು ಭಾನುವಾರ ರಾತ್ರಿಯೇ. ಮೂರು ತಿಂಗಳು ನಾವು ಮೀನಿಗೆ ಬೈದೆವು. ಪಾಪ, ಮೀನು ಏನೂ ಮಾಡಿರಲಿಲ್ಲ.

ಈಗ ಭಾನುವಾರವೂ ಒಂದೇ ಕಡಿ. ದಪ್ಪಕ್ಕೆ ಒಂದು ಚಮಚ ಅಕ್ಕಿ ನೆನೆಸಿ ಕಾಯಿಯ ಜೊತೆ ಬೀಸುತ್ತೇನೆ. ಮೂರನೇ ವಾರದ ತನಕ ಯಾರಿಗೂ ಗೊತ್ತಾಗಲಿಲ್ಲ. ಹೇಳಿದ ಮೇಲೆ ಎಲ್ಲರಿಗೂ ರುಚಿ ಕಡಿಮೆಯಾಯಿತು.

ಕಾಳಿ ಸೇತುವೆ | ಆಗಸ್ಟ್ 5

ಕಾರವಾರದಿಂದ. ನನಗೂ ಕಲ್ಲು ಇದೆ, ಎರಡು. ತಕ್ಕಡಿ ಮೇಡಂ, ನೀವು ಹೊಟ್ಟೆಗೆ ಹೊಡೆದಿರಿ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಇದ್ದ ಎರಡು ತಿಂಗಳು ಒಣಮೀನಿನಲ್ಲಿ ದಿನ ದೂಡಿ, ಒಂದನೇ ತಾರೀಕು ಬೋಟು ಇಳಿದವು ಎಂದು ಖುಷಿಯಲ್ಲಿದ್ದೆ. ಯಾವ ಮೀನು ತಿನ್ನಬಹುದು ಅದನ್ನಾದರೂ ಹೇಳಿ.

ಇನ್ನೊಂದು, ತೆಂಗಿನೆಣ್ಣೆ ಜೀರ್ಣವಾಗಲು ಪಿತ್ತವೇ ಬೇಡ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಹೌದಾ? ಹೌದಾದರೆ ನಾನು ಬಚಾವ್.

ಅಡುಗೆಮನೆ ತಕ್ಕಡಿ | ಆಗಸ್ಟ್ 5

ಅರ್ಧ ಸತ್ಯ ಸರ್. ಎಂಸಿಟಿ ಎಂದು ಕೆಲವು ಮಧ್ಯಮ ಸರಪಳಿಯ ಕೊಬ್ಬುಗಳಿವೆ, ಅವಕ್ಕೆ ಪಿತ್ತರಸ ಅಷ್ಟು ಬೇಡ. ಆದರೆ ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಅದು ಹೊಟ್ಟೆಯೊಳಗೆ ಬಹುಪಾಲು ಮಾಮೂಲಿ ಕೊಬ್ಬಿನ ಹಾಗೇ ನಡೆದುಕೊಳ್ಳುತ್ತದೆ. ಆಸ್ಪತ್ರೆಯವರು ಕೊಡುವ ಎಂಸಿಟಿ ಎಣ್ಣೆ ಬೇರೆ, ಗಾಣದಿಂದ ತಂದ ಎಣ್ಣೆ ಬೇರೆ. ನೀವು ಬಚಾವ್ ಅಲ್ಲ.

ಅಂಕೋಲೆ ಅಕ್ಕ | ಆಗಸ್ಟ್ 6

ಮೀನಿನ ಮಾತು ನನಗೆ ಬಿಡಿ.

ನೊಗ್ಲಿ (ಕಾಣೆ) ಮೊದಲು. ಬಿಳಿ ಮಾಂಸ, ಎಣ್ಣೆ ಇಲ್ಲವೇ ಇಲ್ಲ ಎನ್ನುವಷ್ಟು. ಸುಂಗಟ (ಸಿಗಡಿ) ಕೂಡ ಹಾಗೇ, ಸುಂಗಟದಲ್ಲಿ ಕೊಬ್ಬು ಬಹಳ ಕಡಿಮೆ. ತಿಸ್ರೆಯೂ (ಚಿಪ್ಪಿನ ಮೀನು) ಅಷ್ಟೇ, ಆದರೆ ಸುಕ್ಕಾ ಮಾಡುವಾಗ ಮೇಲೆ ಸುರಿಯುವ ಕಾಯಿ ನೋಡಿಕೊಳ್ಳಿ. ಬಂಗಡೆ ಮಧ್ಯದಲ್ಲಿ. ತಾರ್ಲೆ (ಬೂತಾಯಿ) ಮಾತ್ರ ಕೊಬ್ಬಿನ ಮೀನು. ಮಳೆ ಮುಗಿಯುತ್ತ ಬಂದಾಗ ಕಾವಲಿಗೆ ಹಾಕಿದರೆ ತಾನೇ ಎಣ್ಣೆ ಬಿಡುತ್ತದೆ. ಹಿಂದೆ ದೋಣಿಗೆ ಬಳಿಯುತ್ತಿದ್ದ ಮೀನೆಣ್ಣೆ ಇದರದ್ದೇ ಅಲ್ವಾ? ಒಳ್ಳೆಯ ಕೊಬ್ಬೇ ಅದು, ಹೃದಯಕ್ಕೆ ಒಳ್ಳೆಯದು. ಆದರೆ ಪಿತ್ತಕೋಶಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ, ಕೊಬ್ಬು ಬಂದರೆ ಹಿಂಡುತ್ತದೆ ಅಷ್ಟೇ. ಹಾಗಾಗಿ ಎರಡು ತಾರ್ಲೆ ತಿಂದ ದಿನ ಎಣ್ಣೆ ಹಾಕಬೇಡಿ.

ನಾನು ಮಾಡುತ್ತಿದ್ದ ರೀತಿ: ಮೀನಿಗೆ ಉಪ್ಪು, ಖಾರದ ಪುಡಿ, ಹುಳಿ ಹಚ್ಚಿ ಅರ್ಧ ಗಂಟೆ ಬಿಡುವುದು. ಬಾಳೆಎಲೆ ಕೆಂಡದ ಮೇಲೆ ಹಿಡಿದು ಬಾಡಿಸಿಕೊಂಡು, ಅದರಲ್ಲಿ ಬಿಗಿಯಾಗಿ ಸುತ್ತಿ ಬಿಸಿ ಕಾವಲಿಯ ಮೇಲಿಟ್ಟು ಮೇಲೊಂದು ಮುಚ್ಚಳ. ಆರೇಳು ನಿಮಿಷಕ್ಕೆ ಮಗುಚುವುದು. ಎಲೆ ಕರಿಯಾಗಿ ಅಂಚು ಸುಟ್ಟು, ಒಳಗೆ ಮೀನು ತನ್ನ ನೀರಿನಲ್ಲೇ ಬೆಂದಿರುತ್ತದೆ. ಒಂದು ಹನಿ ಎಣ್ಣೆ ಬೇಡ. ಇದರ ಜೊತೆ ಕುಚ್ಚಲಕ್ಕಿ ಗಂಜಿ ಉಂಡರೆ ಅದಕ್ಕೆ ಪಥ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬೆಳಿಗ್ಗೆ ಹೋಟೆಲಿನ ಬನ್ಸ್-ಭಾಜಿ ಮಾತ್ರ ಬಿಡಬೇಕು ಕಾಳಿ ಸೇತುವೆಯವರೇ. ಸುಮ್ನೆ ಹೇಳುತ್ತಿಲ್ಲ, ನನಗೆ ಎರಡನೇ ಸಲ ನೋವು ಬಂದದ್ದು ಅದರಿಂದಲೇ.

ಕಾಳಿ ಸೇತುವೆ | ಆಗಸ್ಟ್ 6

ಸೋಲ್‌ಕಡಿ?

ಅಂಕೋಲೆ ಅಕ್ಕ | ಆಗಸ್ಟ್ 6

ಕಾಯಿಹಾಲು ನೀರು ಮಾಡಿ ಅರ್ಧ ಲೋಟ. ಇಲ್ಲದಿದ್ದರೆ ಬರೀ ಭಿರಿಂಡದ (ಮುರುಗಲಿನ) ಕಡಿ, ಕಾಯಿಹಾಲೇ ಬೇಡ.

ಘಟ್ಟದ ಮೇಲಿನ ಸೊಸೆ | ಆಗಸ್ಟ್ 7

ನಮ್ಮದು ಮೀನಿಲ್ಲದ ಮನೆ. ಆದರೂ ತಕ್ಕಡಿಯ ಕೆಲಸ ನಮ್ಮಲ್ಲೂ ಶುರುವಾಯಿತು. ಅತ್ತೆ ಬಡಿಸುವ ಮೊದಲು ತುಪ್ಪದ ಮಿಳ್ಳೆ ತೂಗಿದೆ, ಬಡಿಸಿದ ಮೇಲೆ ಮತ್ತೆ ತೂಗಿದೆ. ಮಧ್ಯಾಹ್ನ ಒಂದು ಊಟಕ್ಕೆ 38 ಗ್ರಾಂ! ತೋರಿಸಿದರೆ "ತಕ್ಕಡಿ ಸರಿ ಇಲ್ಲೆ" ಎಂದರು.

ಈಗ ಬೆಳಿಗ್ಗೆ ತೆಳ್ಳೇವು ಮೂರು, ಜೋನಿಬೆಲ್ಲ, ತುಪ್ಪ ಒಂದು ಚಮಚ. ಹನ್ನೊಂದಕ್ಕೆ ಬಾಳೆಹಣ್ಣು ಅಥವಾ ಹೆಸರುಕಾಳಿನ ಉಸಳಿ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ, ಹರಿವೆ ಪಲ್ಯ, ಹುಳಿ. ತಂಬುಳಿಗೆ ಕಾಯಿ ಎರಡೇ ಚಮಚ, ಉಳಿದದ್ದು ಬೆಣ್ಣೆ ತೆಗೆದ ಮಜ್ಜಿಗೆ. ಐದು ಗಂಟೆಗೆ ಕಷಾಯ. ರಾತ್ರಿ ಬೇಗ, ಎಂಟರೊಳಗೆ ಊಟ. ನಾಲ್ಕು ದಿನದಿಂದ ನೋವಿಲ್ಲ, ತಲೆ ತಿರುಗುವುದು ನಿಂತಿದೆ.

ಒಂದು ಸಂಶಯ. ಉಪ್ಪಾಗೆ ತುಪ್ಪ ತಿನ್ನಬಹುದಾ? ಅದು ಹಸುವಿನದಲ್ಲ, ಹಣ್ಣಿನದು ಎಂದು ಅತ್ತೆಯ ವಾದ.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 7

ಹಣ್ಣಿನದಲ್ಲ, ಬೀಜದ್ದು. ಬೀಜದಿಂದ ತೆಗೆದ ಕೊಬ್ಬು ಅದು, ಮುರುಗಲು ತುಪ್ಪವೂ ಹಾಗೇ. ಗ್ರಾಂಗೆ ಗ್ರಾಂ ಅದೇ ಲೆಕ್ಕ. ಆಸೆಯಾದ ದಿನ ಆ ಒಂದು ಚಮಚದ ಬದಲಿಗೆ ಹಾಕಿಕೊ, ಮೇಲಿಂದ ಬೇಡ.

ಅತ್ತೆಗೆ ಹೇಳು: ಹಾಲೂಡುವವಳಿಗೆ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ಬೇಕು, ಅವರ ಚಿಂತೆ ತಪ್ಪಲ್ಲ. ಅದು ತುಪ್ಪದಿಂದಲೇ ಬರಬೇಕು ಎಂದಿಲ್ಲ. ಅನ್ನ, ಬೇಳೆ, ಕಾಳು, ಬೆಲ್ಲ, ಹಣ್ಣು, ಕೆನೆ ತೆಗೆದ ಹಾಲು, ಎಲ್ಲದರಿಂದಲೂ ಬರುತ್ತದೆ. ಮಗು ಚೀಪಿದಷ್ಟೂ ಹಾಲು ಬರುತ್ತದೆ, ಮಿಳ್ಳೆ ನೋಡಿ ಅಲ್ಲ. ಬಸುರಿನಲ್ಲಿ ಹಾರ್ಮೋನಿನ ಏರುಪೇರಿನಿಂದ ಪಿತ್ತಕೋಶ ಮಂದವಾಗುತ್ತದೆ, ಆಗಲೇ ಮಡ್ಡಿ, ಕಲ್ಲು ಕಟ್ಟಲು ಶುರು. ಹೆರಿಗೆಯಾದ ಮೇಲೆ ಒಮ್ಮೆಲೇ ತುಪ್ಪದ ಊಟ. ಬಾಣಂತನದಲ್ಲಿ ನಾವು 'ವಾಯು' ಎಂದು ಸುಮ್ಮನಾದ ಎಷ್ಟು ಹೊಟ್ಟೆನೋವು ಇದೇ ಆಗಿತ್ತೋ ಏನೋ.

ಅಡಿಕೆ ಮಾಣಿ | ಆಗಸ್ಟ್ 8

ಸಿಸ್ಟರ್, ಭಾವನಿಗೆ ಫೋನ್ ಮಾಡಿ ಕೇಳಿದೆ. ಕಿಡ್ನಿಯದ್ದೇ. ತಪ್ಪಾಯಿತು.

ಆದರೆ ಇದು ಪಿತ್ತಕೋಶದ್ದೇ: ಆಫೀಸಿನ ಸ್ನೇಹಿತ ಮಾಡಿದ್ದಾನೆ. ಐದು ದಿನ ಸೇಬಿನ ರಸ, ಆರನೇ ರಾತ್ರಿ ಅರ್ಧ ಲೋಟ ಆಲಿವ್ ಎಣ್ಣೆಗೆ ಲಿಂಬೆ ರಸ. ಬೆಳಿಗ್ಗೆ ನಲವತ್ತು ಹಸಿರು ಕಲ್ಲು ಬಿದ್ದಿವೆಯಂತೆ, ಫೋಟೋ ಇದೆ. ಹಾಕಲಾ?

ಅಡುಗೆಮನೆ ತಕ್ಕಡಿ | ಆಗಸ್ಟ್ 8

ಫೋಟೋ ಬೇಡ ಮಾರಾಯ, ಊಟದ ಹೊತ್ತು.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 8

ಅದು ಸೋಪು. ಅಷ್ಟು ಎಣ್ಣೆ, ಲಿಂಬೆ ರಸ, ಹೊಟ್ಟೆಯ ಜೀರ್ಣರಸ ಸೇರಿ ಮೆತ್ತಗಿನ ಹಸಿರು ಉಂಡೆ ಕಟ್ಟುತ್ತದೆ. ಒತ್ತಿದರೆ ಮೇಣದ ಹಾಗೆ ಅಮುಕುತ್ತದೆ, ಬಿಸಿ ತಾಗಿದರೆ ಎಣ್ಣೆಯಾಗಿ ಕರಗುತ್ತದೆ. ಪಿತ್ತಕೋಶದಲ್ಲಿ ಕಲ್ಲೇ ಇಲ್ಲದವರು ಕುಡಿದರೂ ಬೀಳುತ್ತದೆ. ಸ್ನೇಹಿತನಿಗೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳು.

ನಿಜವಾದ ಕಲ್ಲು ಇದ್ದವರು ಖಾಲಿ ಹೊಟ್ಟೆಗೆ ಅರ್ಧ ಲೋಟ ಎಣ್ಣೆ ಕುಡಿದರೆ ಏನಾಗುತ್ತದೆ ಎಂದು ನಾಲ್ಕನೇ ತಾರೀಕು ಬರೆದಿದ್ದೇನೆ, ಓದಿಕೊ. ಹಿಂಡುವುದು.

ಯಲ್ಲಾಪುರದಿಂದ | ಆಗಸ್ಟ್ 10

ಇಷ್ಟು ದಿನ ಓದುತ್ತಿದ್ದೆ. ಬರೆಯಬಾರದು ಎಂದುಕೊಂಡಿದ್ದೆ, ಬರೆಯುತ್ತೇನೆ.

ಹೋದ ವರ್ಷ ಅಪ್ಪನಿಗೆ ಕಣ್ಣು ಹಳದಿಯಾಯಿತು. ಅದಕ್ಕೆ ಮೊದಲು ಎರಡು ಸಲ ರಾತ್ರಿ ಹೊಟ್ಟೆನೋವು ಬಂದು ಹೋಗಿತ್ತು. ನಮ್ಮ ಕಡೆ ಕಾಮಾಲೆ ಅಂದರೆ ಡಾಕ್ಟರ ಹತ್ತಿರ ಯಾರೂ ಹೋಗುವುದಿಲ್ಲ, ಔಷಧ ಕೊಡುವವರು ಊರಿಗೊಬ್ಬರು. ಬೇರು ಅರೆದು ಕೊಟ್ಟರು. ಪಥ್ಯ: ಎಣ್ಣೆ ಇಲ್ಲ, ಉಪ್ಪಿಲ್ಲ, ಗಂಜಿ-ಮಜ್ಜಿಗೆ. ನೋವು ಹೋಯಿತು! ಔಷಧ ಹಿಡಿಯಿತು ಎಂದು ಎಲ್ಲರೂ ಅಂದುಕೊಂಡೆವು. ಸಿಸ್ಟರ್ ಬರೆದದ್ದು ಓದಿದ ಮೇಲೆ ಈಗ ಅರ್ಥವಾಗುತ್ತಿದೆ, ನೋವು ಹೋದದ್ದು ಎಣ್ಣೆ ಬಿಟ್ಟಿದ್ದಕ್ಕೆ. ಕಲ್ಲು ಅಲ್ಲೇ ಇತ್ತು. ಪಿತ್ತಕೋಶದಿಂದ ಜಾರಿ ದೊಡ್ಡ ನಾಳದಲ್ಲಿ ಕೂತಿತ್ತು.

ಒಂಬತ್ತನೇ ದಿನ ಮೂತ್ರ ಕಡು ಚಾದ ಬಣ್ಣ. ಮಲ ಸುಣ್ಣದ ಹಾಗೆ ಬಿಳಿ. ಮೈಯೆಲ್ಲ ತುರಿಕೆ. ಹತ್ತನೇ ರಾತ್ರಿ ಚಳಿ ಬಂದು ಮಂಚವೇ ಅಲುಗಾಡಿತು. ಮಳೆಯಲ್ಲಿ ಹುಬ್ಬಳ್ಳಿಗೆ ಓಡಿದೆವು. ಬಾಯಿಯಿಂದ ನಳಿಕೆ ಇಳಿಸಿ ಕಲ್ಲು ತೆಗೆದರು, ಇಆರ್‌ಸಿಪಿ ಎನ್ನುತ್ತಾರೆ. ಹದಿನೆಂಟು ದಿನ ಆಸ್ಪತ್ರೆ. ಈಗ ಅಪ್ಪ ಆರಾಮಿದ್ದಾರೆ, ತೋಟಕ್ಕೆ ಹೋಗುತ್ತಾರೆ.

ಔಷಧ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಣವನ್ನೂ ತೆಗೆದುಕೊಳ್ಳಲಿಲ್ಲ. ಸ್ಕ್ಯಾನ್ ಮಾಡಿಸದೆ ಒಂಬತ್ತು ದಿನ ಕೂತ ನನ್ನ ಮೇಲೆ ಸಿಟ್ಟಿದೆ.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 10

ಬರೆದದ್ದು ಒಳ್ಳೆಯದಾಯಿತು ತಮ್ಮಾ.

ಕಲ್ಲು ಇದ್ದವರು ಇದನ್ನು ಮನೆಯವರಿಗೆ ಓದಿ ಹೇಳಿ. ಕಣ್ಣು ಹಳದಿ, ಚಳಿಜ್ವರ, ಮೂತ್ರ ಕಪ್ಪು-ಮಲ ಬಿಳಿ, ಐದಾರು ಗಂಟೆಯಾದರೂ ಇಳಿಯದ ನೋವು, ನಿಲ್ಲದ ವಾಂತಿ. ಇದರಲ್ಲಿ ಒಂದಾದರೂ ಬಂದರೆ ಪಥ್ಯದ ಮಾತು ಅಲ್ಲಿಗೆ ಮುಗಿಯಿತು, ಆ ರಾತ್ರಿಯೇ ಹೊರಡಿ. ದೇವಿಮನೆ ಘಟ್ಟದ ರಸ್ತೆ, ಮಳೆ, ಎಲ್ಲ ಗೊತ್ತು. ಅದಕ್ಕೇ ಬೆಳಗಾಗಲಿ ಎಂದು ಕಾಯಬೇಡಿ ಎನ್ನುವುದು. ಎದೆಯ ನಡುವೆ ನೋವು, ಬೆವರು ಬಂದರೆ ಹೃದಯದ್ದೂ ಇರಬಹುದು. 'ನನಗೆ ಕಲ್ಲು ಇದೆಯಲ್ಲ' ಎಂದು ಸುಮ್ಮನೆ ಮಲಗಬೇಡಿ.

ಹುಬ್ಬಳ್ಳಿ ಬಸ್ಸು | ಆಗಸ್ಟ್ 11

ನನ್ನ ಸ್ಕ್ಯಾನಿನಲ್ಲೂ ಒಂದು ಕಲ್ಲು ಕಂಡಿದೆ, ಬೇರೆ ಯಾವುದಕ್ಕೋ ಮಾಡಿಸಿದಾಗ. ನೋವಿಲ್ಲ. ಹೋದ ವರ್ಷ ಎರಡು ತಿಂಗಳಲ್ಲಿ 14 ಕಿಲೋ ಇಳಿಸಿದ್ದೆ, ರಾತ್ರಿ ಊಟವೇ ಬಿಟ್ಟು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಈಗ ಶ್ರಾವಣ ಸೋಮವಾರ ಒಪ್ಪತ್ತು ಕೂಡ ಮಾಡುತ್ತಿದ್ದೇನೆ.

ನಿವೃತ್ತ ಸಿಸ್ಟರ್, ಕುಮಟಾ | ಆಗಸ್ಟ್ 11

ಸಂಬಂಧ ಇರಬಹುದು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ತೂಕ ಇಳಿದರೆ ಯಕೃತ್ತು ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಸುರಿಯುತ್ತದೆ. ಊಟ ಬಿಟ್ಟಾಗ ಚೀಲ ಖಾಲಿಯಾಗುವುದಿಲ್ಲ. ಎರಡೂ ಸೇರಿದರೆ ಕಲ್ಲಿಗೆ ಹಬ್ಬ. ತೂಕ ಇಳಿಸುವುದು ಒಳ್ಳೆಯದೇ, ನಿಧಾನ ಇಳಿಸು.

ನೋವಿಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಹೇಳುವುದಿಲ್ಲ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ 1ರಿಂದ 4 ಮಂದಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ಒಪ್ಪತ್ತಿನ ಬಗ್ಗೆ ದೇವರಿಗೆ ಬಿಟ್ಟದ್ದು ನಾನು ಹೇಳಲಾರೆ. ಆದರೆ ದಿನವಿಡೀ ಉಪವಾಸ ಮಾಡಿ ರಾತ್ರಿ ಒಮ್ಮೆಲೇ ಪಾಯಸ, ವಡೆ, ಹಪ್ಪಳ ಎಂದು ಕೂತರೆ ಅದು ಪಿತ್ತಕೋಶಕ್ಕೆ ಅತ್ಯಂತ ಕೆಟ್ಟ ಊಟ. ನಡುವೆ ಹಾಲು-ಹಣ್ಣು ತಗೊ.

ಕಾಳಿ ಸೇತುವೆ | ಆಗಸ್ಟ್ 12

ಕಾಫಿ ಬಿಡಬೇಕಾ? ಅದೊಂದು ಬಿಡಿಸಬೇಡಿ.

ಅಡುಗೆಮನೆ ತಕ್ಕಡಿ | ಆಗಸ್ಟ್ 12

ಬೇಡ. ಕಾಫಿ ಕುಡಿಯುವವರಲ್ಲಿ ಈ ಕಲ್ಲು ಸ್ವಲ್ಪ ಕಡಿಮೆ ಎಂದೇ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕಾಗಿ ಹೊಸದಾಗಿ ಶುರು ಮಾಡಬೇಕಿಲ್ಲ. ಕುಡಿದರೆ ನೋವು ಬರುತ್ತದೆ ಎಂದಾದರೆ ಬಿಡಿ. ಮೊಟ್ಟೆಯೂ ಹಾಗೇ, ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ತಿಂದದ್ದು, ಹೊತ್ತು, ನೋವು ಬರೆಯಿರಿ. ನಮ್ಮ ಭಾನುವಾರದ ಗುಟ್ಟು ಹೊರಬಿದ್ದದ್ದು ಹಾಗೇ.

ಘಟ್ಟದ ಮೇಲಿನ ಸೊಸೆ | ಆಗಸ್ಟ್ 29

ಚೌತಿ ಮುಗಿಯಿತು, ವರದಿ ಒಪ್ಪಿಸುತ್ತೇನೆ.

ಕಂಬಳಕ್ಕೆ ಹದಿನೆಂಟು ಜನ ಬಂದಿದ್ದರು. ಜಗಲಿ ತುಂಬ ಬಾಳೆಎಲೆ, ಎಲೆ ತುಂಬ ಕೈಯಲ್ಲಿ ಸುತ್ತಿದ ಚಕ್ಕುಲಿ, ಒಳಗೆ ಬಾಣಲೆಯಲ್ಲಿ ತೆಂಗಿನೆಣ್ಣೆ. ಆ ಘಮಕ್ಕೆ ಪಥ್ಯ ಎಲ್ಲಿ ನಿಲ್ಲುತ್ತದೆ ಹೇಳಿ. ನಾನು ಸುತ್ತುವ ಸಾಲಿನಲ್ಲಿ ಕೂತೆ, ಒಲೆಯ ಹತ್ತಿರ ಹೋಗಲಿಲ್ಲ. ಚಕ್ಕುಲಿಯ ತೂಕದಲ್ಲಿ ಕಾಲು ಭಾಗ ಎಣ್ಣೆ ಎಂದು ಹಿಡಿದು, ಸಂಜೆ ಕಷಾಯದ ಜೊತೆ ಒಂದು ತಿಂದೆ. ಒಂದೇ. ಅವತ್ತು ರಾತ್ರಿ ಅನ್ನಕ್ಕೆ ಅಪ್ಪೆಹುಳಿ, ತುಪ್ಪ ಇಲ್ಲ. ನೋವು ಬರಲಿಲ್ಲ.

ಮೋದಕ ಕರಿಯುವ ಬದಲು ಅರಿಶಿನ ಎಲೆಯಲ್ಲಿ ಕಡುಬು ಹಬೆಯಲ್ಲಿ ಬೇಯಿಸಿದ್ದು ಅತ್ತೆಯೇ. ನಾನು ಕೇಳಿರಲಿಲ್ಲ. ನೆಂಟರು ಕೇಳಿದಾಗ "ಈ ವರ್ಷ ಎಲೆ ಚಲೋ ಬಂದಿತ್ತು" ಎಂದರು.

ಅಂಕೋಲೆ ಅಕ್ಕ | ಆಗಸ್ಟ್ 29

ಅತ್ತೆಯನ್ನು ಬಿಟ್ಟುಕೊಡಬೇಡ ತಂಗೀ.

ಘಟ್ಟದ ಮೇಲಿನ ಸೊಸೆ | ಸೆಪ್ಟೆಂಬರ್ 22

ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆಗೆ ಬಂದೆ. ಈಗ ಎಲ್ಲ ತಿನ್ನಬಹುದಾ? ದಿನಕ್ಕೆ ಮೂರು-ನಾಲ್ಕು ಸಲ ಹೊಟ್ಟೆ ಸಡಿಲಾಗಿ ಹೋಗುತ್ತದೆ, ಅದೊಂದು ಹೆದರಿಕೆ.

ನಿವೃತ್ತ ಸಿಸ್ಟರ್, ಕುಮಟಾ | ಸೆಪ್ಟೆಂಬರ್ 22

ಹೆದರಬೇಡ. ಕೂಡಿಡುವ ಚೀಲ ಹೋಯಿತು. ಪಿತ್ತರಸ ಈಗ ಹನಿ ಹನಿಯಾಗಿ ನೇರ ಕರುಳಿಗೆ ಬೀಳುತ್ತದೆ, ಕೆಲವರಿಗೆ ಕೆಲವು ವಾರ ಹೀಗಾಗುತ್ತದೆ. ಸಣ್ಣ ಸಣ್ಣ ಊಟ, ಅನ್ನ-ಮಜ್ಜಿಗೆ, ಬಾಳೆಹಣ್ಣು. ತುಪ್ಪ ಚಮಚ ಚಮಚವಾಗಿ ಏರಿಸು. ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರಿಗೆ ಹೇಳು, ಔಷಧ ಇದೆ. ಜ್ವರ, ಜಾಸ್ತಿ ಹೊಟ್ಟೆನೋವು, ಕಣ್ಣು ಹಳದಿ ಆದರೆ ಕೂಡಲೇ ತೋರಿಸು.

ಘಟ್ಟದ ಮೇಲಿನ ಸೊಸೆ | ಸೆಪ್ಟೆಂಬರ್ 23

ಸರಿ ಸಿಸ್ಟರ್. ಮೂರೂ ಕಲ್ಲನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದಾರೆ. ದೊಡ್ಡದು ಕಡಲೆಕಾಳಿನಷ್ಟು, ಬಣ್ಣ ಹಳೇ ಬೆಲ್ಲದ್ದು. ನೋಡಲು ಬಂದವರಿಗೆಲ್ಲ ಅತ್ತೆ ತೋರಿಸುತ್ತಿದ್ದಾರೆ, ಮುರುಗಲಿನ ಕತೆ ಬಿಟ್ಟು. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಮೆಂತೆ ಹುಡುಕುವಾಗ ಆ ಬಾಟಲಿ ಮಸಾಲೆ ಡಬ್ಬಿಗಳ ಸಾಲಿನಲ್ಲಿ ಸಿಕ್ಕಿತು. ತೆಗೆದು ನನ್ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.